ವರಾಹ ಪರ್ವತದ ಹುಲ್ಲುಗುಡ್ಡವನ್ನು ಅದರ ಪಾಡಿಗೆ ಬಿಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಹಾಗೂ ಪರಿಸರ ಸಚಿವರಿಗೆ ಮತ್ತು ಕರ್ನಾಟಕ ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಗೌರವಪೂರ್ವಕ ವಂದನೆಗಳು.

ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಹಾದು ಕಾರ್ಕಳದ ಕಡೆಗೆ ಇಳಿಯುವ ರಸ್ತೆಯಲ್ಲಿ, ಜನ ಇಂದಿಗೂ ಎಸ್.ಕೆ. ಬಾರ್ಡರ್ ಎಂದೇ ಕರೆಯುವ ಹಳೆಯ ದಕ್ಷಿಣ ಕನ್ನಡದ ಗಡಿಯ ಸುತ್ತಮುತ್ತ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹುಲ್ಲುಗುಡ್ಡಗಳ ಸಾಲೊಂದಿದೆ. ಆ ಸಾಲಿನಲ್ಲಿರುವ ವರಾಹ ಪರ್ವತದ ಬಗ್ಗೆ ಈ ಪತ್ರ. ಗಂಗಾಮೂಲ ಎಂಬ ಹೆಸರಿನಿಂದಲೂ ಪ್ರಸಿದ್ಧವಾದ ಈ ಗುಡ್ಡದ ಎತ್ತರ 1,458 ಮೀಟರ್. 1,930 ಮೀಟರಿನ ಮುಳ್ಳಯ್ಯನಗಿರಿ ಇದೇ ಜಿಲ್ಲೆಯಲ್ಲಿರುವಾಗ ಎತ್ತರಕ್ಕಾಗಿ ಇದನ್ನು ಹುಡುಕಿಕೊಂಡು ಬರುವವರು ಯಾರೂ ಇಲ್ಲ. ಗುಹೆಯೊಳಗಿನ ಭಗವತಿಗೂ ವರಾಹ ವಿಗ್ರಹಕ್ಕೂ ಕೈಮುಗಿಯಲು ಹಿಂದೆಲ್ಲ ಬರುತ್ತಿದ್ದವರ ಸಂಖ್ಯೆಯೂ ಹೆಚ್ಚೇನಲ್ಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜಿನಲ್ಲಿ ಮುಳುಗಿಹೋಗುವ, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲದ ಈ ಜಾಗ ನಾಡಿನ ಬಹುಪಾಲು ಜನರಿಗೆ ಹೆಸರಾಗಿ ಮಾತ್ರ ಗೊತ್ತು.

ಹೆಸರಾಗಿ ಗೊತ್ತಿರುವುದಕ್ಕೂ ಕಾರಣವಿದೆ. ಭೂಮಿಯನ್ನು ಮೇಲೆತ್ತಿ ದಣಿದ ವರಾಹಸ್ವಾಮಿ ಇಲ್ಲಿ ವಿಶ್ರಮಿಸಿದನೆಂದೂ, ಅವನ ಎಡಗೋರೆಯಿಂದ ತುಂಗೆ, ಬಲಗೋರೆಯಿಂದ ಭದ್ರೆ, ಕಣ್ಣಿನಿಂದ ನೇತ್ರಾವತಿ ಹುಟ್ಟಿದರೆಂದೂ ಪುರಾಣ ಹೇಳುತ್ತದೆ. ನೇತ್ರಾವತಿಯ ಮೂಲವನ್ನು ಎಳನೀರು ಘಾಟಿಯ ಕಡೆಗಿನ ಕಣಿವೆಗಳಲ್ಲಿ ಗುರುತಿಸುವವರೂ ಉಂಟು. ಆ ವಾದವನ್ನು ಇಲ್ಲಿ ಬಗೆಹರಿಸಬೇಕಾಗಿಲ್ಲ. ತುಂಗೆ ಶೃಂಗೇರಿಯ ಕಡೆಗೂ, ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಅಣೆಕಟ್ಟೆಗೂ ಹರಿದು, ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಜಲಾಶಯವನ್ನು ತುಂಬಿಸಿ ಕೃಷ್ಣೆಯನ್ನು ಸೇರುತ್ತವೆ. ದಾವಣಗೆರೆಯ ಭತ್ತದ ಗದ್ದೆಗೂ ಗಂಗಾವತಿಯ ಅಕ್ಕಿ ಗಿರಣಿಗೂ ಈ ಗುಡ್ಡಸಾಲಿನ ಹುಲ್ಲಿಗೂ ಇರುವ ಸಂಬಂಧ ಇಷ್ಟು ನೇರವಾದದ್ದು. ಭದ್ರೆಯ ದಂಡೆಯ ಮೇಲೆ ಅಡಿಕೆ ಬೆಳೆದು ಬದುಕುವ ನನ್ನಂಥವನಿಗಂತೂ ಅದು ದಿನನಿತ್ಯದ ಸಂಗತಿ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ವರಾಹ ಪರ್ವತವೂ ಸೇರಿದಂತೆ ಮಲೆನಾಡಿನ ಎತ್ತರದ ಹುಲ್ಲುಗುಡ್ಡಗಳನ್ನು ಮರವಿಲ್ಲದ ಕಾರಣಕ್ಕೆ ಅರ್ಧಂಬರ್ಧ ಕಾಡೆಂದು ಎಣಿಸುವುದನ್ನು ಇಲಾಖೆ ನಿಲ್ಲಿಸಬೇಕು. ಅಲ್ಲಿ ಸಸಿ ನೆಡುವುದಾಗಲಿ, ಗುಂಡಿ ತೋಡುವುದಾಗಲಿ, ದಾರಿ ಕಡಿಯುವುದಾಗಲಿ ಕೂಡದೆಂದು ಕಾರ್ಯಯೋಜನೆಗಳಲ್ಲಿಯೇ ಬರೆದಿಡಬೇಕು. ರಾಷ್ಟ್ರೀಯ ಉದ್ಯಾನದ ಒಳಗೆ ನೀವು ಈಗ ಹೊಸ ನೆಡುತೋಪು ಎಬ್ಬಿಸುತ್ತಿದ್ದೀರಿ ಎಂಬ ಆರೋಪ ನನ್ನದಲ್ಲ. ಉದ್ಯಾನದ ಗಡಿಯಾಚೆಗಿನ ಮೀಸಲು ಅರಣ್ಯಗಳಲ್ಲಿ, ಗೋಮಾಳಗಳಲ್ಲಿ, ಕಂದಾಯ ಇಲಾಖೆಯ ಕಡತಗಳಲ್ಲಿ ಖರಾಬು ಎಂದು ಬಿದ್ದಿರುವ ಬರೆಗಳಲ್ಲಿ (ಕಡಿದಾದ ಇಳಿಜಾರುಗಳಲ್ಲಿ) ಇದೇ ಜಾತಿಯ ಹುಲ್ಲು ಬೇಕಾದಷ್ಟಿದೆ. ಅದಕ್ಕೆ ಉದ್ಯಾನದ ರಕ್ಷಣೆಯೂ ಇಲ್ಲ, ಕಾಡೆಂಬ ಗೌರವವೂ ಇಲ್ಲ.

ಈ ಭೂಮಿಯ ರಚನೆಯನ್ನು ಬಲ್ಲವರಿಗೆ ನಾನು ಹೇಳುವುದು ಹೊಸದೇನಲ್ಲ. ಗುಡ್ಡದ ನೆತ್ತಿ ಮತ್ತು ಗಾಳಿಗೆ ಮುಖಮಾಡಿದ ಇಳಿಜಾರುಗಳಲ್ಲಿ ಹುಲ್ಲು. ಎರಡು ಗುಡ್ಡಗಳು ಕೂಡುವ ಮಡಿಲಿನಲ್ಲಿ, ಒರತೆಯ ಗುಂಟ, ಒತ್ತೊತ್ತಾದ ಶೋಲಾ ಕಾಡು. ಎರಡರ ನಡುವಿನ ಗೆರೆ ಎಷ್ಟು ಖಚಿತವೆಂದರೆ, ಒಂದು ಹೆಜ್ಜೆಯ ಹಿಂದೆ ಮೊಣಕಾಲೆತ್ತರದ ಹುಲ್ಲಿನಲ್ಲಿ ಬಿಸಿಲಿಗೆ ನಿಂತಿದ್ದವರು ಮುಂದಿನ ಹೆಜ್ಜೆಗೆ ಪಾಚಿ ಹಿಡಿದ ಕೊಂಬೆಗಳ ಕೆಳಗೆ ಇಂಬಳ ಕೀಳುತ್ತಾ ನಿಂತಿರುತ್ತಾರೆ. ಕಾಟಿಗಳೂ ಕಡವೆಗಳೂ ಬೆಳಗು ಸಂಜೆ ಮೇಯುವುದು ಹುಲ್ಲಿನಲ್ಲಿ, ನಡುಹಗಲಿನಲ್ಲಿ ಮರೆಯಾಗುವುದು ಶೋಲೆಯಲ್ಲಿ. ಹುಲಿ ನಡೆಯುವುದು ಅವೆರಡರ ಅಂಚಿನಲ್ಲಿ. ಸಿಂಗಳೀಕಕ್ಕೆ ದಟ್ಟ ಕಾಡಿನ ಮರದ ಮೇಲ್ಛಾವಣಿಯೇ ಬೇಕು. ಪಶ್ಚಿಮಘಟ್ಟಕ್ಕೇ ಸೀಮಿತವಾದ ಅಗಲಬಾಲದ ಹುಲ್ಲುಹಕ್ಕಿಗೆ ಮರವೆಂದರೆ ಆಗದು, ಅದು ಗೂಡು ಕಟ್ಟುವುದು ಕಡಿದಾದ ಬರೆಯ ಎತ್ತರದ ಹುಲ್ಲಿನಲ್ಲಿ. ಒಂದನ್ನು ಉಳಿಸಲು ಇನ್ನೊಂದನ್ನು ತೆಗೆಯಬಹುದಾದ ಜಾಗ ಇದಲ್ಲ.

ದೂರದಿಂದ ನೋಡಿದರೆ ಹುಲ್ಲು ಒಂದೇ ಹಾಸಾಗಿ ಕಾಣುತ್ತದೆ. ಮಳೆ ಸ್ವಲ್ಪ ಬಿಡುವು ಕೊಟ್ಟ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಇಂಥ ಬರೆಯ ಮೇಲೆ ಮಂಡಿಯೂರಿ, ಬಂಡೆ ಮೇಲೆದ್ದಿರುವ ಕಡೆ ಅಂಗೈಯಗಲದ ನೆಲವನ್ನು ನೋಡುವುದು ಒಳ್ಳೆಯದು. ಬಂಡೆಯ ಮೇಲೆ ಬೆರಳಗಲ ಮಣ್ಣು, ಅದರೊಳಗಿನಿಂದ ಜಿನುಗುವ ನೀರು. ಆ ಒದ್ದೆಯಲ್ಲಿ ಎಳೆಯಂಥ ಕಾಂಡದ ತುದಿಗೆ ನೇರಳೆ ಹೂವೆತ್ತಿ ನಿಂತ ಯುಟ್ರಿಕ್ಯುಲೇರಿಯಾ. ಕೆಳಗೆ ಕೆಸರಿನಲ್ಲಿ ಅದರ ಪುಟ್ಟ ಪುಟ್ಟ ಚೀಲಗಳು ಬರಿಗಣ್ಣಿಗೆ ಕಾಣದ ಜೀವಿಗಳನ್ನು ನೀರಿನೊಡನೆ ಒಳಕ್ಕೆಳೆದುಕೊಂಡು ಅರಗಿಸಿಕೊಳ್ಳುತ್ತಿರುತ್ತವೆ. ಪಕ್ಕದಲ್ಲಿ ನೆಲಕ್ಕಂಟಿದ ಡ್ರಾಸೆರಾ, ಅದರ ಎಲೆಯ ಕೆಂಪು ರೋಮಗಳ ತುದಿಯಲ್ಲಿ ಅಂಟಿನ ಹನಿಗಳು, ಹನಿಯಲ್ಲಿ ಸಿಕ್ಕಿಬಿದ್ದ ಒಂದು ನುಸಿ. ಈ ಗಿಡಗಳು ಹುಳ ತಿನ್ನಲು ಕಲಿತದ್ದು ಇಲ್ಲಿನ ಮಣ್ಣಿನಲ್ಲಿ ಸಾರಜನಕ ಅಷ್ಟು ಕಡಿಮೆ ಇರುವುದರಿಂದ. ಬಡಮಣ್ಣು, ಪೂರಾ ಬಿಸಿಲು, ಹರಿಯುತ್ತಲೇ ಇರುವ ತೆಳುನೀರು, ಈ ಮೂರೂ ಇದ್ದರೆ ಮಾತ್ರ ಇವುಗಳ ಬದುಕು. ನೆಡುತೋಪುಗಳಲ್ಲಿ ಬೆಳೆಸುವ ಅಕೇಶಿಯಾ ಗಾಳಿಯಿಂದ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವ ಜಾತಿಯ ಮರ. ಬೇರೆಲ್ಲೋ ಉಪಕಾರವೆನಿಸುವ ಈ ಗುಣ ಇಲ್ಲಿ ನೆರಳಿನೊಡನೆ ಸೇರಿ ಒಂದಿಡೀ ಸಸ್ಯಸಂಕುಲವನ್ನು ಮುಗಿಸಬಲ್ಲದು. ಉದುರಿದ ಅದರ ಎಲೆಗಳು ಬೇಗ ಕೊಳೆಯದೆ ಚಾಪೆಯಾಗಿ ಬಿದ್ದಿರುವುದನ್ನೂ, ಆ ಚಾಪೆಯ ಕೆಳಗೆ ಹುಲ್ಲು ಏಳದಿರುವುದನ್ನೂ ಮಲೆನಾಡಿನಲ್ಲಿ ನೋಡದವರಿಲ್ಲ.

ಈ ಹುಲ್ಲು ಸಹಜವಾದದ್ದಲ್ಲ, ತಲೆಮಾರುಗಳ ಕಾಲ ಜನ ಬೆಂಕಿ ಹಾಕಿ, ದನ ಮೇಯಿಸಿ ಕಾಡನ್ನು ಹಿಮ್ಮೆಟ್ಟಿಸಿದ್ದರ ಫಲ ಎಂಬ ವಾದ ಇಲಾಖೆಯೊಳಗೂ ಹೊರಗೂ ಹಳೆಯದು. ತಗ್ಗಿನ ಕೆಲವು ಬೇಣಗಳ (ಹುಲ್ಲಿಗೆಂದು ಬಿಟ್ಟ ಜಾಗಗಳ) ಮಟ್ಟಿಗೆ ಅದರಲ್ಲಿ ನಿಜಾಂಶವಿದೆ ಎಂದು ನನಗೂ ಅನಿಸುತ್ತದೆ. ಆದರೆ ಘಟ್ಟದ ಎತ್ತರದ ಹುಲ್ಲುಗಾವಲುಗಳನ್ನೆಲ್ಲ ಮನುಷ್ಯನ ಲೆಕ್ಕಕ್ಕೆ ಹಾಕಲು ಸಾಧ್ಯವಿಲ್ಲ. ವಿಜ್ಞಾನಿ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿ ಬೆಟ್ಟಗಳ ಜೌಗಿನಲ್ಲಿ ಪದರಪದರವಾಗಿ ಕೂತಿದ್ದ, ಅರೆಕೊಳೆತ ಸಸ್ಯಗಳಿಂದಾದ ಪೀಟ್ ಮಣ್ಣಿನ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಒಣಹವೆಯಲ್ಲಿ, ಅಲ್ಲಿ ಹುಲ್ಲು ವ್ಯಾಪಕವಾಗಿತ್ತೆಂಬುದನ್ನು ತೋರಿಸಿತು. ಅಂದಿನಿಂದ ಹವೆ ಬದಲಾದಂತೆ ಕಾಡೂ ಹುಲ್ಲೂ ಹಿಗ್ಗುತ್ತ ಕುಗ್ಗುತ್ತ ಬಂದಿವೆ. ಕುದುರೆಮುಖದ ಹುಲ್ಲು ನೀಲಗಿರಿಯಷ್ಟು ಎತ್ತರದ್ದಲ್ಲ, ಎರಡರ ಚರಿತ್ರೆಯೂ ಒಂದೇ ಎಂದು ನಾನು ಹೇಳಲಾರೆ. ಒಂದುವೇಳೆ ಅದರಲ್ಲಿ ಮನುಷ್ಯನ ಕೈವಾಡವಿದ್ದರೂ, ಅದನ್ನು ನಂಬಿಕೊಂಡ ಹಕ್ಕಿ, ಕಪ್ಪೆ, ನೆಲದ ಆರ್ಕಿಡ್‌ಗಳಿಗೆ ಆ ತಕರಾರಿನಲ್ಲಿ ಪಾಲಿಲ್ಲ.

ನೀರಿನ ಮಾತಿಗೆ ಬರೋಣ. ಮರವಿದ್ದರೆ ನೀರು ಎಂಬುದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು, ವನಮಹೋತ್ಸವದ ಭಾಷಣಗಳಲ್ಲಿ ಇಂದಿಗೂ ಕೇಳುವುದು. ಉದಕಮಂಡಲದ ಕೇಂದ್ರ ಮಣ್ಣು ಮತ್ತು ಜಲಸಂರಕ್ಷಣಾ ಸಂಶೋಧನಾ ಕೇಂದ್ರವು ಗ್ಲೆನ್‌ಮಾರ್ಗನ್ ಎಂಬಲ್ಲಿ ಅಕ್ಕಪಕ್ಕದ ಎರಡು ಕಿರುಜಲಾನಯನಗಳನ್ನು ಆರಿಸಿಕೊಂಡು, 1970ರ ದಶಕದ ಆರಂಭದಲ್ಲಿ ಒಂದರ ಹುಲ್ಲಿನಲ್ಲಿ ಬ್ಲೂಗಮ್ (ನೀಲಗಿರಿ ಮರ) ನೆಟ್ಟು ಇನ್ನೊಂದನ್ನು ಇದ್ದಂತೆಯೇ ಬಿಟ್ಟು, ಎರಡರಿಂದಲೂ ಹರಿದುಬರುವ ನೀರನ್ನು ವರ್ಷಗಟ್ಟಲೆ ಅಳೆಯಿತು. ಮರ ನೆಟ್ಟ ಕಡೆ ಮೊದಲ ಹತ್ತು ವರ್ಷಗಳಲ್ಲಿ ಹರಿವು ಸರಾಸರಿ 16% ಕಡಿಮೆಯಾಯಿತು. ಕಡಿದು ಮತ್ತೆ ಚಿಗುರಿದ ಎರಡನೆಯ ಸುತ್ತಿನಲ್ಲಿ ಕೊರತೆ ಸುಮಾರು 25%ಕ್ಕೆ ಏರಿತು. ನಮ್ಮ ನೆಲದ ಸಂಸ್ಥೆ, ನಮ್ಮ ಘಟ್ಟದಲ್ಲೇ ಮಾಡಿದ ಅಳತೆ ಇದು. ಇಷ್ಟಾಗಿಯೂ ಹುಲ್ಲುಗುಡ್ಡದ ಮೇಲೆ ಸಸಿ ನೆಟ್ಟರೆ ತೊರೆ ತುಂಬುತ್ತದೆ ಎಂದು ನಂಬಿಸುವ ಫಲಕಗಳನ್ನು ನಾವು ನಿಲ್ಲಿಸುತ್ತಲೇ ಇದ್ದೇವೆ.

ತಪ್ಪು ಯಾವುದೋ ಒಬ್ಬ ಅಧಿಕಾರಿಯದಲ್ಲ, ಲೆಕ್ಕ ಬರೆಯುವ ಕ್ರಮದ್ದು. ಭಾರತೀಯ ಅರಣ್ಯ ಸರ್ವೇಕ್ಷಣೆಯು ಕನಿಷ್ಠ ಒಂದು ಹೆಕ್ಟೇರಿನಲ್ಲಿ ಮರಗಳ ಮೇಲ್ಛಾವಣಿ 10%ಕ್ಕಿಂತ ಕಡಿಮೆ ಇರುವ ಜಾಗವನ್ನು ಅರಣ್ಯದ ಹೊದಿಕೆಯೆಂದು ಪರಿಗಣಿಸುವುದಿಲ್ಲ. ಹಾಗಾಗಿ ಹುಲಿ ಓಡಾಡುವ ಹುಲ್ಲುಗುಡ್ಡ ಆ ನಕ್ಷೆಯಲ್ಲಿ ಕಾಡಲ್ಲ, ಸಾಲುಸಾಲು ಅಕೇಶಿಯಾ ತೋಪು ಕಾಡು. ಪರಿಹಾರಾತ್ಮಕ ಅರಣ್ಯೀಕರಣದ, ಅಂದರೆ ಬೇರೆ ಕೆಲಸಕ್ಕೆ ಕೊಟ್ಟ ಕಾಡಿನ ಬದಲಿಗೆ ಇನ್ನೊಂದೆಡೆ ಮರ ಬೆಳೆಸುವ, ಹಣ ಬಂದಾಗ, ಇಷ್ಟು ಸಸಿಗಳ ಗುರಿಯೆಂದು ಮೇಲಿನಿಂದ ಆದೇಶ ಬಂದಾಗ (2023ರಲ್ಲಿ ರಾಜ್ಯದ ಗುರಿ 5 ಕೋಟಿ ಸಸಿಗಳಾಗಿತ್ತು) ವಲಯ ಅರಣ್ಯಾಧಿಕಾರಿಯ ಕಣ್ಣು ಖಾಲಿ ಕಾಣುವ ಜಾಗದ ಮೇಲೆ ಬೀಳುವುದು ಸಹಜ. ನೆಟ್ಟ ಸಸಿಗೆ ಬಿಲ್ಲಿದೆ. ನೆಡದೆ ಬಿಟ್ಟ ಹುಲ್ಲಿಗೆ ಬಿಲ್ಲಿಲ್ಲ. ಇದರ ಪರಿಣಾಮ ಏನಾಗಬಹುದೆಂದು ತಿಳಿಯಲು ತಮಿಳುನಾಡಿನ ಪಳನಿ ಬೆಟ್ಟಗಳನ್ನು ನೋಡಿದರೆ ಸಾಕು. ನಾಲ್ಕು ದಶಕಗಳಲ್ಲಿ ಅಲ್ಲಿನ ಎತ್ತರದ ಹುಲ್ಲುಗಾವಲಿನ ಮೂರನೇ ಎರಡು ಪಾಲನ್ನು ಮರದ ತೋಪುಗಳೂ ಕೃಷಿಯೂ ನುಂಗಿಹಾಕಿರುವುದನ್ನು 2018ರ ಅಧ್ಯಯನವೊಂದು ಉಪಗ್ರಹ ಚಿತ್ರಗಳಿಂದ ಲೆಕ್ಕಹಾಕಿತು.

ನೀಲಗಿರಿಯಲ್ಲಿ ಬ್ಲೂಗಮ್, ವ್ಯಾಟಲ್ ನೆಡಲು ಆರಂಭಿಸಿದವರು ಬ್ರಿಟಿಷರು. ಅವರ ದೇಶದಲ್ಲಿಯೇ ಮುಂದೆ ಇದೇ ಪ್ರಸಂಗ ನಡೆದು, ಅದರ ಪಾಠವೂ ಮುಗಿದಿದೆ. ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್‌ನೆಸ್ ಮತ್ತು ಸದರ್ಲೆಂಡ್ ಸೀಮೆಗಳಲ್ಲಿ ಫ್ಲೋ ಕಂಟ್ರಿ ಎಂಬ ವಿಶಾಲವಾದ, ಮರವಿಲ್ಲದ, ಜನರ ಸುಳಿವೂ ಕಡಿಮೆಯಿರುವ ಜೌಗುಬಯಲು ಇದೆ. 1980ರ ದಶಕದಲ್ಲಿ ತೆರಿಗೆ ವಿನಾಯಿತಿಯ ಆಸೆಗೆ ಬಿದ್ದ ಶ್ರೀಮಂತರ ಹಣದಿಂದ ಆ ಪೀಟ್ ನೆಲವನ್ನು ಉತ್ತು, ಕಾಲುವೆ ತೋಡಿ, ಹೊರದೇಶದ ಶಂಕುಮರಗಳನ್ನು ನೆಡಲಾಯಿತು. ಗದ್ದಲ ಜೋರಾದ ಮೇಲೆ 1988ರಲ್ಲಿ ಸರ್ಕಾರ ಆ ವಿನಾಯಿತಿಯನ್ನು ರದ್ದುಪಡಿಸಿತು. ಆಮೇಲಿನ ದಶಕಗಳಲ್ಲಿ ಸಾರ್ವಜನಿಕರ ಹಣದಿಂದಲೇ ಅವೇ ಮರಗಳನ್ನು ಕಡಿದು, ಅವೇ ಕಾಲುವೆಗಳನ್ನು ಮುಚ್ಚಿ, ನೆಲವನ್ನು ಮತ್ತೆ ಒದ್ದೆಯಾಗಿಸುವ ಕೆಲಸ ನಡೆದಿದೆ. 2024ರಲ್ಲಿ ಯುನೆಸ್ಕೊ ಆ ಜೌಗುಬಯಲನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಆ ಮನ್ನಣೆ 2012ರಲ್ಲಿಯೇ, ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದಾಗಿ, ಸಿಕ್ಕಿದೆ ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ.

ಕುದುರೆಮುಖದ ಗಣಿಗಾರಿಕೆಯ ಕಥೆ ತಮಗೆಲ್ಲ ಗೊತ್ತಿರುವುದೇ. ಇರಾನಿನ ಶಾ ದೊರೆಯ ಹಣವನ್ನು ನೆಚ್ಚಿ 1970ರ ದಶಕದಲ್ಲಿ ಮ್ಯಾಗ್ನಟೈಟ್ ಅದಿರಿಗಾಗಿ ಈ ಗುಡ್ಡಗಳನ್ನು ಕೆರೆಯಲು ಹೊರಟದ್ದು, 1979ರ ಕ್ರಾಂತಿಯ ನಂತರ ಆ ನೆಚ್ಚಿಕೆ ಮುರಿದುಬಿದ್ದರೂ ಕೆಲಸ ಮುಂದುವರಿದದ್ದು, ಪುಡಿಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಪಣಂಬೂರಿನ ಕಡಲತೀರಕ್ಕೆ ಸಾಗಿಸಿದ್ದು, ಉಳಿದ ಹೂಳನ್ನು ಲಕ್ಯಾ ತೊರೆಗೆ ಸುಮಾರು 100 ಮೀಟರ್ ಎತ್ತರದ ಕಟ್ಟೆ ಕಟ್ಟಿ ತುಂಬಿಸಿದ್ದು, ಮಳೆಗಾಲದಲ್ಲಿ ಭದ್ರೆ ಕೆಂಪಗೆ ಹರಿದದ್ದು, ಕೊನೆಗೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತು 2005ರ ಅಂತ್ಯಕ್ಕೆ ಗಣಿ ನಿಂತದ್ದು, ಇವೆಲ್ಲ ದಾಖಲೆಯಲ್ಲಿವೆ. ಅಷ್ಟು ದಾಖಲಾಗದೆ ಉಳಿದದ್ದು ಹಸಿರೀಕರಣದ ಹೆಸರಿನಲ್ಲಿ ಆ ಕಾಲದಲ್ಲಿ ಪಟ್ಟಣದ ಸುತ್ತಲಿನ ಹುಲ್ಲುಗುಡ್ಡಗಳ ಮೇಲೆ ಎಬ್ಬಿಸಿದ ಅಕೇಶಿಯಾ, ನೀಲಗಿರಿ ಮರ, ಗಾಳಿಮರದ ತೋಪುಗಳು. ಗಣಿ ನಿಂತಿತು, ತೋಪುಗಳು ನಿಂತಲ್ಲೇ ನಿಂತು ಬೀಜ ಉದುರಿಸುತ್ತಿವೆ. ಅವುಗಳನ್ನು ಒಂದೇ ಏಟಿಗೆ ಬೋಳಿಸಿ ಎಂದು ನಾನು ಕೇಳುತ್ತಿಲ್ಲ. ಈ ಮಳೆಯಲ್ಲಿ ಕಡಿದಾದ ಬರೆಯನ್ನು ಒಮ್ಮೆಲೇ ಬರಿದು ಮಾಡಿದರೆ ಮಣ್ಣು ಭದ್ರೆಯ ಪಾಲಾಗುವುದು ಖಂಡಿತ. ಅಂಚಿನಿಂದ ಆರಂಭಿಸಿ, ವರ್ಷವರ್ಷ ಸ್ವಲ್ಪ ಸ್ವಲ್ಪವಾಗಿ, ಮೊದಲು ಹೊಸ ಸಸಿಗಳನ್ನು ಕಿತ್ತು ಆಮೇಲೆ ದೊಡ್ಡ ಮರಗಳನ್ನು ತೆಗೆದು, ಖಾಲಿಯಾದ ಕಡೆ ಊರಿನವರು ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಕಳೆ ಆವರಿಸಿಕೊಳ್ಳದಂತೆ ಕಾಯ್ದುಕೊಂಡು ಮಾಡಬೇಕಾದ ಕೆಲಸ ಇದು. ಪಕ್ಕದ ಹುಲ್ಲಿನ ಬೀಜವೇ ಇಲ್ಲಿಗೆ ಸಾಕು, ನರ್ಸರಿಯ ಅಗತ್ಯವಿಲ್ಲ.

ಸಸಿಗಿಂತ ಹೆಚ್ಚು ನನ್ನನ್ನು ಕಂಗೆಡಿಸುವುದು ಯಂತ್ರ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಹೊತ್ತುಕೊಂಡು ಹೋದ ದುರಂತದ ನಂತರ, ಆ ಬೆಟ್ಟದ ಮೇಲೆ ಯಂತ್ರದಿಂದ ತೋಡಿದ್ದ ಇಂಗುಗುಂಡಿಗಳ ಬಗ್ಗೆ ಕೊಡಗಿನಲ್ಲಿ ಎದ್ದ ಪ್ರಶ್ನೆಗಳು ಇನ್ನೂ ಪ್ರಸ್ತುತವಾಗಿವೆ. ಬಯಲುಸೀಮೆಯಲ್ಲಿ ಇಂಗುಗುಂಡಿ ಒಳ್ಳೆಯದೇ. ದಿನವೊಂದಕ್ಕೆ ಅಲ್ಲಿನ ಅರ್ಧ ವರ್ಷದ ಮಳೆ ಬೀಳಬಹುದಾದ, ಬಂಡೆಯ ಮೇಲೆ ತೆಳುವಾಗಿ ಮಣ್ಣು ಕೂತಿರುವ ಘಟ್ಟದ ಇಳಿಜಾರಿನಲ್ಲಿ, ಹುಲ್ಲಿನ ಬೇರಿನ ಹೆಣಿಗೆಯನ್ನು ಕತ್ತರಿಸಿ ನೀರು ನಿಲ್ಲಿಸುವುದೆಂದರೆ ಮಣ್ಣನ್ನು ಬಂಡೆಯಿಂದ ಸಡಿಲಿಸಿದಂತೆಯೇ. ಹುಲ್ಲು ನೀರನ್ನು ತಾನಾಗಿಯೇ ತಡೆದು ಇಳಿಸುತ್ತದೆ. ಕೆಳಗಿನ ಶೋಲೆಯ ಒರತೆ ಮಾರ್ಚಿಯಲ್ಲೂ ಬತ್ತದಿರುವುದೇ ಅದಕ್ಕೆ ಪುರಾವೆ.

ಇನ್ನು ಜನರ ವಿಚಾರ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ನೆರೆದ ಜಾತ್ರೆಯಂಥ ಗುಂಪಿನ ಚಿತ್ರಗಳನ್ನು ನೋಡಿ ತಾವೇ ಚಾರಣಕ್ಕೆ ತಡೆ ಹಾಕಿ, ಆನಂತರ ಆನ್‌ಲೈನ್ ನೋಂದಣಿಯ ವ್ಯವಸ್ಥೆ ತಂದದ್ದು ಸರಿಯಾದ ಹೆಜ್ಜೆ. ಆದರೆ ಒಂದು ದಾರಿಯ ಗುಂಪನ್ನು ಹಂಚುವ ನೆಪದಲ್ಲಿ ಇನ್ನೊಂದು ಗುಡ್ಡವನ್ನು ತೆರೆಯುವ ಚಾಳಿ ಬೆಳೆಯಬಾರದು. ಪ್ರವಾಸೋದ್ಯಮದಿಂದ ನಮ್ಮೂರಿನ ಯುವಕರಿಗೆ ಕೆಲಸ ಸಿಗುತ್ತದೆ, ಹೋಂಸ್ಟೇಗಳು ನಡೆಯುತ್ತವೆ. ಅದರ ಬಗ್ಗೆ ನನಗೆ ಅಸೂಯೆಯಿಲ್ಲ. ಕುದುರೆಮುಖ, ಕುರಿಂಜಾಲು, ನೇತ್ರಾವತಿ ಶಿಖರಗಳು ಆ ಕೆಲಸಕ್ಕೆ ಇವೆಯಲ್ಲ. ಮೂರು ನದಿಗಳ ನೆತ್ತಿಯೊಂದನ್ನಾದರೂ ಯಾರೂ ಸೆಲ್ಫಿ ತೆಗೆದುಕೊಳ್ಳದ ಜಾಗವಾಗಿ ಇಟ್ಟುಕೊಳ್ಳುವಷ್ಟು ಸಿರಿವಂತಿಕೆ ಈ ರಾಜ್ಯಕ್ಕಿದೆ.

ಬೆಂಕಿಯ ಪ್ರಶ್ನೆ ಮಾತ್ರ ಅಷ್ಟು ಸಲೀಸಲ್ಲ. ಹಿಂದಿನವರು ಕರಡದ ಹುಲ್ಲು ಒಣಗಿದ ಮೇಲೆ, ಇಬ್ಬನಿಯ ಪಸೆ ಇನ್ನೂ ಇರುವಾಗಲೇ ಸಣ್ಣದಾಗಿ ಸುಟ್ಟು, ಹೊಸ ಚಿಗುರಿಗೆ ದನ ಬಿಡುತ್ತಿದ್ದರು. ಈಗ ಉದ್ಯಾನದಲ್ಲಿ ಮೇಯಿಸುವುದೂ ಇಲ್ಲ, ಸುಡುವುದೂ ಅಪರಾಧ. ಹುಲ್ಲು ವರ್ಷದಿಂದ ವರ್ಷಕ್ಕೆ ಒಣಗಿ ರಾಶಿಯಾಗಿ, ಯಾವನೋ ಎಸೆದ ಬೀಡಿಯಿಂದ ಮಾರ್ಚಿಯಲ್ಲಿ ಹೊತ್ತಿಕೊಂಡರೆ ಶೋಲೆಯ ಅಂಚನ್ನೂ ತಿನ್ನುತ್ತದೆ. ಬೆಂಕಿರೇಖೆ ತೆಗೆಯುವ ದಿನಗೂಲಿ ಕಾವಲುಗಾರರು ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಬಲ್ಲವರು. ಅವರಲ್ಲಿ ಅನೇಕರು ಇದೇ ಗುಡ್ಡಗಳ ಬುಡದ ಮಲೆಕುಡಿಯ ಮತ್ತು ಗೌಡ್ಲು ಮನೆಗಳಿಂದ ಬಂದವರು. ಮುಂದಿನ ನಿರ್ವಹಣಾ ಯೋಜನೆಯನ್ನು ಬರೆಯುವ ಮೇಜಿನ ಸುತ್ತ ಅವರಿಗೂ ಕುರ್ಚಿ ಹಾಕಿಸಿ, ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಅಗಲದ ಗೆರೆ ಸುಡಬೇಕೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.

ಆ ಯೋಜನೆಯ ನಕ್ಷೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಪ್ರತ್ಯೇಕ ಬಣ್ಣ ಕೊಟ್ಟು, ಉದ್ಯಾನದ ಹೊರಗಿನ ಮೀಸಲು ಅರಣ್ಯ ಮತ್ತು ಕಂದಾಯ ಭೂಮಿಗಳಲ್ಲಿರುವ ಅದೇ ಬಗೆಯ ಗುಡ್ಡಗಳನ್ನೂ ಗುರುತಿಸಬೇಕು. ಪರಿಹಾರಾತ್ಮಕ ಅರಣ್ಯೀಕರಣಕ್ಕೆ ಕೊಡಬಹುದಾದ ಜಾಗಗಳ ಪಟ್ಟಿಯಿಂದ ಅವುಗಳನ್ನು ತೆಗೆದುಹಾಕಬೇಕು. ವಲಯ ಕಚೇರಿಗಳಿಗೆ ಸಸಿಗಳ ಗುರಿ ಹಂಚುವ ಸುತ್ತೋಲೆಯಲ್ಲಿ ಹುಲ್ಲುಗುಡ್ಡಗಳಿಗೆ ಗುರಿ ಸೊನ್ನೆ ಎಂದು ನಮೂದಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ; ಜುಲೈ ತಿಂಗಳ ವನಮಹೋತ್ಸವಕ್ಕೆ ಮುನ್ನ ತಮ್ಮ ಸಹಿ ಬಿದ್ದರೆ ಈ ವರ್ಷದಿಂದಲೇ ಜಾರಿಗೆ ಬರಬಹುದು.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಕಳಸ ಸೀಮೆಯ ಓರ್ವ ಅಡಿಕೆ ಬೆಳೆಗಾರ